ಒಂಟಿ ಸೀಟಿನ ಅಳತೆ

ಆ ಮನೆಯಲ್ಲಿ ಮನುಷ್ಯರಿಗೆ ಜ್ವರ ಬಂದರೆ ಒಂದು ಮಾತ್ರೆ ನುಂಗಿ ಮಲಗು ಅನ್ನುತ್ತಿದ್ದರು. ಕಾರು ಕೆಮ್ಮಿದರೆ ಮಾತ್ರ ಮನೆಗೆ ಮನೆಯೇ ಎದ್ದು ಹಿತ್ತಲಿಗೆ ಓಡುತ್ತಿತ್ತು. ಹಿತ್ತಲಲ್ಲಿ, ಹಿಂದೊಮ್ಮೆ ಮರದ ಗೋದಾಮಾಗಿದ್ದ ಉದ್ದನೆಯ ಶೆಡ್ಡಿನಲ್ಲಿ, ಹಳೆಯ ಕಾರುಗಳು ಸಾಲಾಗಿ ನಿಂತಿದ್ದವು. ನಾಲ್ಕು ಜನ ಕೂತು ನೆಂಟರ ಮನೆಗೆ ಹೋಗಿಬರುವಂಥ ಕಾರು ಅಲ್ಲಿ ಒಂದೂ ಇರಲಿಲ್ಲ. ಎಲ್ಲವೂ ಒಂದು ಕಾಲದಲ್ಲಿ ಪಂದ್ಯದಲ್ಲಿ ಓಡಿದಂಥವು. ಗೆದ್ದದ್ದು ಕಡಿಮೆ, ಸೋತದ್ದೇ ಹೆಚ್ಚು. ಆದರೆ ಆ ಮನೆಯವರ ಬಾಯಲ್ಲಿ ಕೇಳಿದರೆ ಸೋಲಿಗೆಲ್ಲ ಟೈರು ಕಾರಣ, ಇಲ್ಲವೇ ಮಳೆ.

ದಪ್ಪ ಕಣ್ಣಿನಂಥ ದೀಪಗಳಿದ್ದ ಹಸಿರು ಕಾರಿಗೆ ಕಪ್ಪೆ ಎಂದು ಹೆಸರು. ಎರಡು ಸೀಟಿನ ಕೆಂಪು ಕಾರು ಕೆಂಪಿ. ಸ್ಟಾರ್ಟ್ ಮಾಡಿದರೆ ಬೀದಿಯ ಕಿಟಕಿಗಳನ್ನೆಲ್ಲ ಗಡಗಡಿಸುತ್ತಿದ್ದ ನೀಲಿಯದು ಗಂಟಲಮಾರಿ. ಸಾಲಿನ ಕೊನೆಗೆ, ಉಳಿದವಕ್ಕಿಂತ ಸ್ವಲ್ಪ ದೂರದಲ್ಲಿ, ಮೀನು ನಿಂತಿತ್ತು. ಬೆಳ್ಳಿಬಣ್ಣದ, ಮೂತಿ ಚೂಪಾದ, ಚಕ್ರಗಳೆಲ್ಲ ಮೈಯಿಂದ ಹೊರಗೆ ಚಾಚಿದ ರೇಸು ಕಾರು. ಅದಕ್ಕೆ ಒಂದೇ ಸೀಟು. ಆ ಸೀಟೇ ಮನೆಯ ದೊಡ್ಡ ತಲೆನೋವು.

ಮೀನನ್ನು ಕಟ್ಟಿದವರು ಆ ಮನೆಯ ಹಿರಿಯರು, ಸೊಸೆಯ ಪಾಲಿಗೆ ಮಾವ. ತಮ್ಮ ಮೈಗೆ ತಾವೇ ಅಳತೆ ಹಿಡಿದು, ಒಂದು ಬೆರಳು ಜಾಗವನ್ನೂ ದಂಡ ಮಾಡದೆ ಕಟ್ಟಿದ್ದರು. ಮಾವ ಕುಳ್ಳಗಿನ, ತೆಳ್ಳಗಿನ ಆಸಾಮಿ. ಗಂಡುಮಕ್ಕಳಿಬ್ಬರೂ ತಾಯಿಯ ಕಡೆ ಹೋದರು. ಬಾಗಿಲಿನಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಹಿರಿಯವನು ಒಮ್ಮೆ ಮೀನಿನೊಳಗೆ ಕೂರಲು ಹೋಗಿ ಮೊಣಕಾಲು ಸಿಕ್ಕಿಹಾಕಿಕೊಂಡು, ತಮ್ಮ ಸೋಪಿನ ನೀರು ಸುರಿದು ಎಳೆದು ತೆಗೆಯಬೇಕಾಗಿ ಬಂದಿತ್ತು. ಊರಿಗೆಲ್ಲ ಕಾರು ಕಲಿಸುವ ಡ್ರೈವಿಂಗ್ ಸ್ಕೂಲಿನ ಯಜಮಾನ ತನ್ನ ಅಪ್ಪನ ಕಾರಿನಿಂದ ಹೆರಿಗೆಯಾಗಿ ಬಂದ ಎಂದು ತಮ್ಮ ಇವತ್ತಿಗೂ ಹೇಳಿಕೊಂಡು ನಗುತ್ತಾನೆ.

ಭಾನುವಾರ ಬೆಳಿಗ್ಗೆ ಕಾರುಗಳನ್ನೆಲ್ಲ ಹೊರಗೆ ತೆಗೆಯುವುದು ಮಾವನ ಕಾಲದಿಂದ ನಡೆದುಬಂದ ಪದ್ಧತಿ. ಕಾರು ತನ್ನ ಇಂಜಿನ್ನಿನಿಂದಲೇ ಬಾಗಿಲು ದಾಟಬೇಕು. ನೂಕಿ ತೆಗೆದರೆ ಅದಕ್ಕೆ ಅವಮಾನ ಮಾಡಿದ ಹಾಗೆ. ಈ ನಿಯಮಕ್ಕೆ ಹೊರತಾದದ್ದು ಮೀನು ಒಂದೇ. ಅದರ ಇಂಜಿನ್ನೇನೋ ಹಾಡುತ್ತಿತ್ತು, ಒಳಗೆ ಕೂರುವವರಿರಲಿಲ್ಲ. ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ತಮ್ಮ ಹೊರಗಿನಿಂದಲೇ ಕೈಹಾಕಿ ಅದನ್ನು ಸ್ಟಾರ್ಟ್ ಮಾಡಿ, ಕೇಳಿ, ಆಫ್ ಮಾಡುತ್ತಿದ್ದ. ಆಮೇಲೆ ಅಣ್ಣತಮ್ಮಂದಿರಿಬ್ಬರೂ ಹಿಂದೆ ನಿಂತು, ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಅದನ್ನು ಅಂಗಳಕ್ಕೆ ನೂಕುತ್ತಿದ್ದರು. ಅತ್ತೆ ಶೆಡ್ಡಿನ ಬಾಗಿಲ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತು ಇದನ್ನು ನೋಡುತ್ತಿದ್ದರು. ಉಳಿದ ಕಾರುಗಳ ಬಗ್ಗೆ ಅವರಿಗೆ ಹತ್ತು ಮಾತಿತ್ತು. ಮೀನಿನ ಬಗ್ಗೆ ಒಂದೂ ಇರಲಿಲ್ಲ.

ಪ್ರತಿಯೊಬ್ಬರಿಗೂ ಅವರವರ ಕಾರು. ಸೊಸೆಗೆ ಮಾತ್ರ ಒರೆಸುವ ಬಟ್ಟೆ.

ಸೊಸೆ, ಅಂದರೆ ಹಿರಿಯ ಮಗನ ಹೆಂಡತಿಯನ್ನು, ಮನೆಯಲ್ಲಿ ಗುಬ್ಬಿ ಎಂದೇ ಕರೆಯುತ್ತಿದ್ದರು. ಆ ಎತ್ತರದವರ ನಡುವೆ ನಿಂತರೆ ಆಕೆ ಕಾಣುತ್ತಿದ್ದುದೂ ಹಾಗೇ. ಬೀದಿಯ ತುದಿಯಲ್ಲಿ ಆಕೆಯದೊಂದು ಹೊಲಿಗೆ ಅಂಗಡಿ. ಹೊಸ ಬಟ್ಟೆಗಿಂತ ಹಳೆಯದನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಉದ್ದ ಇಳಿಸುವುದೇ ಅಲ್ಲಿ ಹೆಚ್ಚು. ಮಾವ ಹೋದ ಮೇಲೆ ಈ ಮನೆಗೆ ಬಂದವಳು. ಮೊದಲ ಸಲ ಅತ್ತೆ ಆಕೆಯನ್ನು ಕಂಡಾಗ ಊರು ಕೇಳಲಿಲ್ಲ, ಓದು ಕೇಳಲಿಲ್ಲ. ಕಾಲಿಂದ ತಲೆವರೆಗೆ ಒಮ್ಮೆ ನೋಡಿ, “ನಿನ್ನ ಚಪ್ಪಲಿ ಎಷ್ಟನೇ ನಂಬರು?” ಅಂದಿದ್ದರು. ಇಡೀ ಮನೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ನೆಂಟರು ಬಂದಾಗಲೆಲ್ಲ ಆ ಕಥೆ ಮತ್ತೆ ಬರುತ್ತಿತ್ತು, ಗುಬ್ಬಿಯೂ ಎಲ್ಲರ ಜೊತೆ ನಗುತ್ತಿದ್ದಳು. ಒಳಗೆ ಮಾತ್ರ ಅದು ಸಣ್ಣ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಇಷ್ಟು ಚಿಕ್ಕ ಹುಡುಗಿಯನ್ನು ಎಲ್ಲಿಂದ ತಂದೆಯೋ ಎಂದು ಮಗನಿಗೆ ಹೇಳಿದ ಹಾಗೆ ಆಕೆಗೆ ಕೇಳಿಸಿತ್ತು.

ಹೊಲಿಗೆ ಗೊತ್ತಿದ್ದವಳು ಅಂದಮೇಲೆ ಕಾರುಗಳ ಸೀಟುಗಳೆಲ್ಲ ಒಂದೊಂದಾಗಿ ಆಕೆಯ ಕೈಗೇ ಬಂದವು. ಕಪ್ಪೆಯ ಸೀಟಿನ ಚರ್ಮ, ಕೆಂಪಿಯ ಮೇಲುಹೊದಿಕೆ, ಕೊನೆಗೆ ಮೀನಿನ ಸೀಟು. ಅದರೊಳಗಿನ ಸ್ಪಾಂಜು ಪುಡಿಪುಡಿಯಾಗಿ ಉದುರುತ್ತಿತ್ತು. “ಅತ್ತಿಗೆ, ಇದನ್ನೊಂದು ಮಾಡಿಕೊಟ್ಟುಬಿಡಿ” ಎಂದು ಮೈದುನ ಒಪ್ಪಿಸಿ ಹೋದ. ಯಾರ ಅಳತೆಗೆ ಎಂದು ಅವನು ಹೇಳಲಿಲ್ಲ, ಆಕೆ ಕೇಳಲಿಲ್ಲ. ಆದರೆ ಅಳತೆಯಿಲ್ಲದೆ ಯಾವ ದರ್ಜಿ ಕತ್ತರಿ ಹಿಡಿದಾಳು? ಎಲ್ಲರೂ ಕೆಲಸಕ್ಕೆ ಹೋದ ಒಂದು ಮಧ್ಯಾಹ್ನ ಗುಬ್ಬಿ ಸ್ಟೀರಿಂಗ್ ಚಕ್ರವನ್ನು ಕಳಚಿ, ಚಪ್ಪಲಿ ಬಿಟ್ಟು, ಮೀನಿನೊಳಗೆ ಇಳಿದಳು. ಬೆನ್ನಿಗೆ ಎಲ್ಲಿ ಬೇಕು, ಸೊಂಟಕ್ಕೆ ಎಲ್ಲಿ ಬೇಕು ಎಂದು ತನ್ನ ಮೈಯಿಟ್ಟೇ ನೋಡಿದಳು. ಕಾಲು ಚಾಚಿದರೆ ಪೆಡಲುಗಳು ಹುಡುಕದೆಯೇ ಅಂಗಾಲಿಗೆ ಬಂದು ಕೂತವು. ಕೈ ಇಳಿಬಿಟ್ಟರೆ ಗೇರಿನ ಹಿಡಿ ಅಂಗೈಯಲ್ಲಿತ್ತು.

ಜೀವಮಾನವಿಡೀ ಆಕೆಗೆ ಎಲ್ಲವೂ ದೊಡ್ಡದೇ ಆಗಿತ್ತು. ಬಸ್ಸಿನ ಹಿಡಿ ಎತ್ತರ, ಅಡುಗೆಮನೆಯ ಕಟ್ಟೆ ಎತ್ತರ, ಗಂಡನ ಕಾರಿನಲ್ಲಿ ಬೆನ್ನಿಗೆ ದಿಂಬು. ಮೊದಲ ಬಾರಿಗೆ ಒಂದು ವಸ್ತು ತನಗೆಂದೇ ಮಾಡಿದ ಹಾಗೆ ಸುತ್ತಲೂ ಬಂದು ಕೂತಿತ್ತು. ಗುಬ್ಬಿಗೆ ಅಳು ಬಂತು, ನಗುವೂ ಬಂತು.

ಆಮೇಲೆ ಒರೆಸುವ ನೆಪದಲ್ಲಿ ಆಕೆ ಎಷ್ಟು ಸಲ ಅಲ್ಲಿ ಕೂತಳೋ ಲೆಕ್ಕವಿಲ್ಲ. ಇಂಜಿನ್ನು ಮಲಗಿರುತ್ತಿತ್ತು, ಆಕೆ ಗೇರು ಬದಲಿಸುತ್ತಿದ್ದಳು. ಎರಡನೆಯದಕ್ಕೆ ಹೋಗುವಾಗ ಆ ಕಡ್ಡಿ ಹಟ ಮಾಡುತ್ತದೆ, ಒಂದು ಕ್ಷಣ ಸುಮ್ಮನಿದ್ದು ಮತ್ತೆ ತಳ್ಳಿದರೆ ಒಪ್ಪುತ್ತದೆ ಎನ್ನುವುದು ಕೈಗೆ ತಿಳಿದಿತ್ತು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಮಾವನ ಸೀಟು ಅಂದರೆ ಆ ಮನೆಯಲ್ಲಿ ಸಿಂಹಾಸನ. ನಾನು ಕೂರುತ್ತೇನೆ ಅಂದರೆ ಚಪ್ಪಲಿ ನಂಬರಿನ ಕಥೆಯ ಪಕ್ಕಕ್ಕೆ ನಗಲು ಇನ್ನೊಂದು ಕಥೆ ಸಿಗುತ್ತಿತ್ತು, ಅಷ್ಟೇ.

ಹೀಗಿರುವಾಗ ಒಂದು ಫೋನು ಬಂತು. ಮಾವ ಹಿಂದೆ ಗೆದ್ದಿದ್ದ ಬೆಟ್ಟದ ಪಂದ್ಯವನ್ನು ಹಳೆಯ ಕಾರುಗಳಿಗಾಗಿ ಮತ್ತೆ ನಡೆಸುತ್ತಾರಂತೆ. ಮೀನು ಬರಲೇಬೇಕು, ಎಲ್ಲಕ್ಕಿಂತ ಮುಂದೆ ಹೋಗಬೇಕು. ಆದರೆ ತನ್ನ ಇಂಜಿನ್ನಿನಿಂದಲೇ ಬೆಟ್ಟ ಹತ್ತಬೇಕು. ಬೇಕಾದರೆ ಕುಳ್ಳಗಿನ ಡ್ರೈವರನ್ನು ನಾವೇ ಕೊಡುತ್ತೇವೆ ಎಂದೂ ಅಂದರಂತೆ.

“ಅಪ್ಪನ ಸೀಟಲ್ಲಿ ಹೊರಗಿನವರು ಕೂರೋದಾ? ಆಗದ ಮಾತು” ಎಂದ ಮೈದುನ.

“ಹಂಗಾದ್ರೆ ಯಾರು ಕೂರೋದು? ನಾನಾ? ಮತ್ತೆ ಸೋಪು ತರ್ತೀಯಾ?” ಎಂದ ಗಂಡ.

ಮೈದುನ ಆಗಲೇ ಯೋಚನೆ ಮಾಡಿಯಾಗಿತ್ತು. ಪೆಡಲುಗಳಿಗೂ ಸೀಟಿಗೂ ನಡುವೆ ಮೀನಿನ ಮೈಯನ್ನು ಅಡ್ಡಕ್ಕೆ ಕೊಯ್ಯುವುದು, ಮೊಳದುದ್ದದ ಹೊಸ ತುಂಡು ಸೇರಿಸಿ ಬೆಸೆಯುವುದು, ಮೇಲೆ ಬಣ್ಣ ಹೊಡೆಯುವುದು. ಅಣ್ಣ ಆರಾಮಾಗಿ ಕಾಲು ಚಾಚಿ ಕೂರಬಹುದು. ಗುಬ್ಬಿ ತಟ್ಟೆಗೆ ಬಡಿಸುತ್ತಾ ಇದನ್ನು ಕೇಳಿದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವವರನ್ನು ಕಂಡರೆ ನಗು ಬರಬೇಕು. ಆಕೆಗೆ ಬರಲಿಲ್ಲ. ಅತ್ತೆ ಊಟ ಮುಗಿಸಿ ಎದ್ದುಹೋದರು.

ಮರುದಿನ ಮೈದುನ ಟೇಪು ಹಿಡಿದು, ಸೀಮೆಸುಣ್ಣದಿಂದ ಮೀನಿನ ಹೊಟ್ಟೆಯ ಸುತ್ತ ಒಂದು ಗೆರೆ ಎಳೆದ. ಗುಬ್ಬಿ ದಿನವೂ ಸೀಮೆಸುಣ್ಣ ಹಿಡಿಯುವವಳು. ಗೆರೆ ತಪ್ಪಿದರೆ ಒರೆಸಬಹುದು, ಕತ್ತರಿ ಬಿದ್ದರೆ ಮುಗಿಯಿತು ಎಂದು ಗೊತ್ತಿದ್ದವಳು. ಸಂಜೆ ಕಾರು ಒರೆಸುವಾಗ ಗೆರೆಯನ್ನೂ ಒರೆಸಿಬಿಟ್ಟಳು.

“ಅಣ್ಣ, ಗೆರೆ ಏನಾಯ್ತು?”

“ನಂಗೇನು ಗೊತ್ತು? ನೀನೇ ಕನಸಲ್ಲಿ ಎಳೆದಿರ್ತೀಯ.”

ಮೈದುನ ತಲೆ ಕೆರೆದುಕೊಂಡು ಇನ್ನೂ ದಪ್ಪಗೆ ಎಳೆದ. ಅದೂ ಸಂಜೆಗೆ ಮಾಯ. ಮೂರನೆಯ ಸಲ ಅವನು ಸೀಮೆಸುಣ್ಣದ ಸಹವಾಸವೇ ಬೇಡವೆಂದು ಅಳಿಸಲಾಗದ ಕಪ್ಪು ಪೆನ್ನು ತಂದ. ಗುಬ್ಬಿ ಬಟ್ಟೆಗೆ ಸೀಮೆಎಣ್ಣೆ ಮುಟ್ಟಿಸಿ ಉಜ್ಜಿದಳು, ಉಗುರಿನಿಂದ ಕೆರೆದಳು. ಗೆರೆ ಹೋಗಲಿಲ್ಲ. ಇನ್ನು ಒರೆಸುವ ಬಟ್ಟೆಯಿಂದ ಆಗುವ ಕೆಲಸವಲ್ಲ, ಬಾಯಿಂದಲೇ ಆಗಬೇಕು ಎಂದು ಆಕೆಗೆ ಗೊತ್ತಾಯಿತು. ಆದರೆ ಆ ಮಾತು ಗಂಟಲವರೆಗೆ ಬಂದು ಅಲ್ಲೇ ಕೂರುತ್ತಿತ್ತು. ಗಂಡನ ಪಕ್ಕ ಮಲಗಿ, “ಕೊಯ್ಯಲೇಬೇಕಾ?” ಅಂದಳು. “ಇನ್ನೇನು ದಾರಿ ಇದೆ ಹೇಳು” ಎಂದು ಆತ ಮಗ್ಗುಲಾದ. ದಾರಿ ಅವನ ಮಗ್ಗುಲಲ್ಲೇ ಇತ್ತು.

ಭಾನುವಾರ ಬಂತು. ಮೀನನ್ನು ಎಂದಿನಂತೆ ಬಾಗಿಲ ತನಕ ನೂಕಿ ಬೆಳಕಿಗೆ ನಿಲ್ಲಿಸಿದರು. ಮೈದುನ ಕನ್ನಡಕ ಹಾಕಿಕೊಂಡು, ಕಬ್ಬಿಣ ಕೊಯ್ಯುವ ಯಂತ್ರದ ಗುಂಡಿ ಒತ್ತಿ ನೋಡಿದ. ಅದು ಕಿರ್ರೆಂದು ಕಿರುಚಿ ನಿಂತಿತು. ಅತ್ತೆ ಕುರ್ಚಿಯಲ್ಲಿದ್ದರು, ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು.

“ಸರಿ, ಶುರು ಮಾಡ್ಲಾ?”

ಗುಬ್ಬಿ ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಹಾಕಿದಳು. ಚಪ್ಪಲಿ ಬಿಟ್ಟಳು. ಸ್ಟೀರಿಂಗ್ ಚಕ್ರ ಕಳಚಿ ಮೀನಿನ ಮೂತಿಯ ಮೇಲಿಟ್ಟು, ಅಂಚಿಗೆ ಕೈಕೊಟ್ಟು, ಮೊದಲು ಬಲಗಾಲು, ಆಮೇಲೆ ಎಡಗಾಲು ಇಳಿಸಿ, ಸರಕ್ಕನೆ ಒಳಗೆ ಜಾರಿ ಕೂತಳು. ಚಕ್ರ ಎಳೆದು ಸಿಕ್ಕಿಸಿದಳು. ಕಪ್ಪು ಗೆರೆ ಸರಿಯಾಗಿ ಆಕೆಯ ಮೊಣಕಾಲಿನ ನೇರಕ್ಕಿತ್ತು.

“ಕೊಯ್ಯೋದಾದ್ರೆ ನನ್ನನ್ನೂ ಸೇರಿಸಿ ಕೊಯ್ಯಿ” ಅಂದಳು.

ಮೈದುನ ನಕ್ಕ. “ಅತ್ತಿಗೆ, ತಮಾಷೆ ಸಾಕು, ಬನ್ನಿ ಹೊರಗೆ.”

“ತಮಾಷೆ ಅಲ್ಲ. ಬೆಟ್ಟಕ್ಕೆ ನಾನು ಓಡಿಸ್ತೀನಿ. ನಂಗಿದು ಸರಿಯಾಗಿ ಕೂರುತ್ತೆ. ಕಾಲು ಸಿಗುತ್ತೆ, ಕೈ ಸಿಗುತ್ತೆ. ನೋಡ್ತಾ ಇದ್ದೀರಲ್ಲ.”

ಅವರು ನೋಡುತ್ತಲೇ ಇದ್ದರು. ಆಕೆ ಕೂತ ರೀತಿಯಲ್ಲಿ ಹೊಸತನವೇ ಇರಲಿಲ್ಲ. ಗಂಡ ಹತ್ತಿರ ಬಂದು ಬಗ್ಗಿ ನೋಡಿದ. ಸೀಟಿನ ಬೆನ್ನು ಹೆಂಡತಿಯ ಬೆನ್ನಿನ ಎರಡೂ ಕಡೆ ಅಪ್ಪಿಕೊಂಡ ಹಾಗೆ ಬಂದಿತ್ತು. “ಗುಬ್ಬಿ, ಈ ಸೀಟನ್ನ ಯಾರ ಅಳತೆಗೆ ಹೊಲಿದೆ?” ಎಂದ.

“ನನ್ನ ಅಳತೆಗೆ.”

“ನಿನ್ನ ಅಳತೆಗಾ?”

“ನೀವ್ಯಾರೂ ಅಳತೆ ಕೊಡ್ಲಿಲ್ಲ. ಮಾವ ಇರ್ಲಿಲ್ಲ. ಆ ಹೊತ್ತಲ್ಲಿ ಇಲ್ಲಿ ಇದ್ದ ಮೈ ಇದೊಂದೇ. ಇಷ್ಟು ವರ್ಷ ಒಬ್ರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ ಹೇಳ್ತಿದ್ದೀನಿ. ನಂಗೆ ಆಸೆ ಇದೆ.”

ಆ ಮನೆಗೆ ಬಂದಾಗಿನಿಂದ ಆಕೆ ಬೇಕು ಎಂದು ಕೇಳಿದ್ದು ಅದೊಂದೇ ಇರಬೇಕು. ಮೈದುನ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸೀಮೆಸುಣ್ಣದ ಗೆರೆ ಯಾರ ಕೆಲಸ ಎಂದು ಅವನಿಗೆ ಆಗ ಹೊಳೆಯಿತು. ಅವನ ಮುಖದಲ್ಲಿ ನಗು ಬರುವುದರಲ್ಲಿತ್ತು. ಅಣ್ಣನ ಮುಖ ನೋಡಿ ಅದು ಅಲ್ಲೇ ನಿಂತಿತು.

ಗಂಡನ ಮುಖ ಬಿಳಿಚಿಕೊಂಡಿತ್ತು. ಸಾವಿರ ಜನರಿಗೆ ಡ್ರೈವಿಂಗ್ ಕಲಿಸಿದವನು, ಹೆಂಡತಿಗೂ ತಾನೇ ಕಲಿಸಿದವನು. ಆಕೆ ಚೆನ್ನಾಗಿ ಓಡಿಸುತ್ತಾಳೆ ಎಂದು ಅವನಿಗೆ ಗೊತ್ತು. ಅದಕ್ಕೇ ಇರಬೇಕು, ಹೆದರಿಕೆಯಾದದ್ದು. “ಇದು ಅಂಗಡಿಗೆ ಹೋಗಿಬರೋ ಕಾರಲ್ಲ. ಆ ಬೆಟ್ಟದ ತಿರುವು ನೀನು ನೋಡಿಲ್ಲ. ಬಾಗಿಲಿಲ್ಲ, ಮೇಲೆ ಸೂರಿಲ್ಲ. ಏನಾದ್ರೂ ಆದ್ರೆ? ಬೇಡ, ಸಾಕು. ಏಳು ಗುಬ್ಬಿ, ಏಳು ಮೇಲೆ.”

“ಸುಮ್ನಿರೋ.”

ಮಾತು ಬಂದದ್ದು ಬೆತ್ತದ ಕುರ್ಚಿಯಿಂದ. ಮೀನಿನ ವಿಷಯದಲ್ಲಿ ಅತ್ತೆ ಬಾಯಿ ತೆರೆದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮೂವರೂ ತಿರುಗಿದರು.

“ಆ ಮಾತು ಈ ಕಾರಿಗೆ ಒಂದ್ಸಲ ಬಿದ್ದಿದೆ. ಎರಡ್ನೇ ಸಲ ಬೇಡ” ಎಂದರು ಅತ್ತೆ. “ನಿಮ್ಮಪ್ಪ ಬೆಟ್ಟ ಗೆದ್ದು ಬಂದ್ರು. ನೀನು ಅಂಬೆಗಾಲಿಡ್ತಿದ್ದೆ, ಇವನು ಹೊಟ್ಟೇಲಿದ್ದ. ಇಂಜಿನ್ ಆಫ್ ಮಾಡಿ, ಇಳೀದೆ, ಅದ್ರಲ್ಲೇ ಕೂತು ನಗ್ತಾ ಇದ್ರು, ಚಿಕ್ಕ ಮಕ್ಕಳ ಥರ. ನಂಗೆ ಎದೆ ಹೊಡ್ಕೊಳ್ತಿತ್ತು. ಏಳಿ, ಇನ್ನು ಸಾಕು ಅಂದೆ. ಎದ್ರು.”

“ಅಪ್ಪ ತಾವಾಗೇ ಬಿಟ್ರು ಅಂದ್ಕೊಂಡಿದ್ವಿ ನಾವು” ಎಂದ ಮೈದುನ.

“ಅವ್ರೇ ಹಾಗಂತ ಹೇಳ್ತಿದ್ರು. ನಂಗೆ ಕೆಟ್ಟ ಹೆಸರು ಬರಬಾರದು ಅಂತ. ಆಮೇಲೆ ಊರಲ್ಲಿ ಕೆಟ್ಟು ನಿಂತ ಕಾರನ್ನೆಲ್ಲ ತಂದು ತಂದು ಇಲ್ಲಿ ತುಂಬಿದ್ರು. ಇದ್ರಲ್ಲಿ ಮಾತ್ರ ಕೂರ್ಲಿಲ್ಲ. ಒಂದು ಮಾತು ಎದುರಾಡ್ಲಿಲ್ಲ ಕಣೋ. ಎದುರಾಡಿದ್ರೆ ಎಷ್ಟೋ ವಾಸಿ ಇರ್ತಿತ್ತು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅವತ್ತೇ ಅಂದ್ಕೊಂಡೆ, ಈ ಸೀಟಿನ ವಿಷಯದಲ್ಲಿ ಇನ್ನು ನಾನು ಯಾರಿಗೂ ಕೂರು ಅಂತಾನೂ ಹೇಳಲ್ಲ, ಏಳು ಅಂತಾನೂ ಹೇಳಲ್ಲ.”

ಇಷ್ಟು ಹೇಳಿ ಅತ್ತೆ ಮೊಣಕಾಲಿಗೆ ಕೈಯೂರಿ ಎದ್ದು ಮನೆಯೊಳಗೆ ಹೋದರು. ಬೀರುವಿನ ಬಾಗಿಲು ಕಿರುಗುಟ್ಟಿದ್ದು ಅಂಗಳಕ್ಕೆ ಕೇಳಿಸಿತು. ತಿರುಗಿ ಬಂದಾಗ ಅವರ ಕೈಯಲ್ಲಿ ಒಂದು ಜೊತೆ ಬೂಟುಗಳಿದ್ದವು. ಮೆತ್ತನೆಯ ಚರ್ಮದ, ಅಟ್ಟೆ ತೆಳ್ಳಗಿನ, ಮೂತಿ ಕಿರಿದಾದ ಚಿಕ್ಕ ಬೂಟುಗಳು. ಎಣ್ಣೆ ಹಚ್ಚಿ ಹಚ್ಚಿ ಚರ್ಮ ಒಣಗದಂತೆ ಇಟ್ಟಿದ್ದರು.

“ಆ ಪೆಡಲುಗಳು ಒಂದಕ್ಕೊಂದು ಅಂಟಿಕೊಂಡ ಹಾಗಿವೆ. ಬೇರೆ ಬೂಟು ಹಾಕಿದ್ರೆ ಎರಡನ್ನೂ ಒಟ್ಟಿಗೆ ತುಳೀತೀಯ” ಎಂದು ಗುಬ್ಬಿಯ ಮಡಿಲಿಗೆ ಹಾಕಿದರು.

ಗುಬ್ಬಿ ಒಂದನ್ನು ತಿರುಗಿಸಿ ನೋಡಿದಳು. ಅಟ್ಟೆಯ ಮೇಲೆ ಒತ್ತಿದ್ದ ನಂಬರು ಅರ್ಧ ಸವೆದಿತ್ತು, ಆದರೂ ಓದಲು ಬರುತ್ತಿತ್ತು. ಅದು ಆಕೆಯದೇ ನಂಬರು. ಇಷ್ಟು ವರ್ಷ ಎಲ್ಲರ ಜೊತೆ ನಗುತ್ತ ನುಂಗಿದ್ದ ಆ ಮುಳ್ಳು ಎಲ್ಲಿತ್ತೆಂದು ಹುಡುಕಿದರೆ ಸಿಗಲಿಲ್ಲ.

“ಅತ್ತೆ, ಅವತ್ತೇ ನಿಮಗೆ...”

“ನಿನ್ನ ಪಾದ ನೋಡಿ ಬಾಯಿ ತಪ್ಪಿ ಕೇಳಿಬಿಟ್ಟೆ. ಇವರೆಲ್ಲ ನಕ್ರು. ಒಳ್ಳೇದೇ ಆಯ್ತು ಅಂತ ಸುಮ್ನಾದೆ. ಬೇಕು ಅಂದ್ರೆ ನೀನೇ ಕೇಳಬೇಕಿತ್ತು. ಎಷ್ಟು ತಡ ಮಾಡಿದೆ ಮಾರಾಯ್ತಿ!” ಅತ್ತೆಯ ಕಣ್ಣು ತುಂಬಿತ್ತು. ಅದನ್ನು ಮರೆಸಲು ಕಿರಿಯ ಮಗನ ಮೇಲೆ ಹರಿಹಾಯ್ದರು. “ಏನೋ ನೋಡ್ತಾ ನಿಂತಿದ್ದೀಯ? ಆ ಕಿರುಚೋ ಯಂತ್ರ ಒಳಗಿಡು. ಬ್ಯಾಟರಿ ತಗೊಂಡ್ ಬಾ.”

ಹಾಕಿಕೊಂಡರೆ ಬೂಟು ಹೆಬ್ಬೆರಳ ಹತ್ತಿರ ಸ್ವಲ್ಪ ಸಡಿಲವಿತ್ತು. ದಪ್ಪ ಕಾಲುಚೀಲ ಹಾಕಿದರೆ ಸರಿಹೋಗುತ್ತದೆ ಎಂದು ದರ್ಜಿಯ ಮನಸ್ಸು ಲೆಕ್ಕ ಹಾಕಿತು. ಗಂಡ ಬಗ್ಗಿ ಸೀಟಿನ ಪಟ್ಟಿ ಬಿಗಿದ. ಎಳೆದು ನೋಡಿದ, ಮತ್ತೆ ಎಳೆದು ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದು, ತಾಯಿಯ ಕಡೆ ನೋಡಿ, ಕೊನೆಗೆ, “ಕ್ಲಚ್ ಮೇಲೆ ಸುಮ್ನೆ ಕಾಲಿಟ್ಕೊಂಡು ಕೂರಬೇಡ” ಅಂದ. ಹೊಸದಾಗಿ ಕಲಿಯುವವರಿಗೆಲ್ಲ ಅವನು ಹೇಳುವ ಮೊದಲ ಮಾತೇ ಅದು. ಆಕೆಗೆ ಅದರಲ್ಲಿದ್ದ ಪ್ರೀತಿ ಪೂರ್ತಿ ಕೇಳಿಸಿತು.

ಮೈದುನ ಹೊರಗಿನ ಬ್ಯಾಟರಿಯ ತಂತಿ ಸಿಕ್ಕಿಸಿದ. ಮೀನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಆ ಸದ್ದನ್ನು ಗುಬ್ಬಿ ಎಷ್ಟೋ ಭಾನುವಾರ ಹೊರಗೆ ನಿಂತು ಕೇಳಿದ್ದಳು. ಒಳಗೆ ಕೂತರೆ ಅದು ಬೆನ್ನಿನ ಮೂಳೆಯಲ್ಲೇ ನಡುಗುತ್ತಿತ್ತು. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು. ಆದರೂ ಕಾಲು ತನಗೆ ಗೊತ್ತಿದ್ದನ್ನು ಮಾಡಿತು.

ಅಣ್ಣತಮ್ಮಂದಿರಿಬ್ಬರೂ ಅಭ್ಯಾಸಬಲದಿಂದ ಹಿಂದೆ ಹೋಗಿ, ಬೆನ್ನು ಬಗ್ಗಿಸಿ, ಮೀನಿನ ಬಾಲಕ್ಕೆ ಕೈಹಚ್ಚಿದ್ದರು. ನೂಕುವ ಮೊದಲೇ ಅದು ಕೈತಪ್ಪಿ ಹೋಯಿತು. ಚಾಚಿದ ಕೈಗಳು ಚಾಚಿದಂತೆಯೇ ಇಬ್ಬರೂ ಗಾಳಿಯಲ್ಲಿ ಉಳಿದರು. ಮೈದುನ ಮುಗ್ಗರಿಸಿ ಅಂಗಳದಲ್ಲಿ ಮಂಡಿಯೂರಿದ. ಮೀನು ಬಾಗಿಲು ದಾಟಿ, ಗೇಟು ದಾಟಿ, ಬೀದಿಗಿಳಿಯಿತು. ಎರಡನೇ ಗೇರು ಹಟ ಮಾಡಿತು. ಆಕೆ ಒಂದು ಕ್ಷಣ ಬಿಟ್ಟು ಮತ್ತೆ ತಳ್ಳಿದಳು. ಒಪ್ಪಿತು.

ಅತ್ತೆ ಕೂರಲಿಲ್ಲ. ಗೇಟಿನ ಕಂಬ ಹಿಡಿದು ನಿಂತು, ಸದ್ದು ಬೀದಿಯ ತುದಿಗೆ ಹೋಗುವುದನ್ನು, ನೀರಿನ ಟ್ಯಾಂಕಿನ ಹಿಂದೆ ಮಂದವಾಗುವುದನ್ನು, ಒಂದು ಗಳಿಗೆ ಪೂರ್ತಿ ಇಲ್ಲವಾಗುವುದನ್ನು ಕೇಳಿದರು. ಆ ಗಳಿಗೆಯಲ್ಲಿ ಅವರ ಕೈ ಕಂಬವನ್ನು ಹಿಡಿದ ಬಿಗಿಯನ್ನು ಹಿರಿಯ ಮಗ ನೋಡಿದ. ಪಕ್ಕಕ್ಕೆ ಹೋಗಿ ನಿಂತ. ಅವನಿಗೂ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಆಮೇಲೆ ಸದ್ದು ಮತ್ತೆ ಹುಟ್ಟಿತು, ಹತ್ತಿರವಾಯಿತು.

ಮೀನು ಅಂಗಳಕ್ಕೆ ಬಂದು ಅತ್ತೆಯ ಮುಂದೆ ನಿಂತಿತು. ಗುಬ್ಬಿ ಇಂಜಿನ್ ಆಫ್ ಮಾಡಿದಳು. ಕೂದಲು ಕೆದರಿತ್ತು, ಮುಖಕ್ಕೆ ಎಣ್ಣೆಯ ಹನಿ ಸಿಡಿದಿತ್ತು. ಏಳುವುದನ್ನೂ ಮರೆತು, ಸೀಟಿನಲ್ಲೇ ಕೂತು ನಗುತ್ತಿದ್ದಳು. ನಿಲ್ಲಿಸಲು ನೋಡಿದರೂ ನಗು ನಿಲ್ಲಲಿಲ್ಲ. ಆಮೇಲೆ ಅತ್ತೆಯ ಮುಖ ಕಂಡು, ಅವರು ಈಗಷ್ಟೇ ಹೇಳಿದ್ದು ನೆನಪಾಗಿ, ಪಟ್ಟಿಗೆ ಕೈಹಾಕಿದಳು.

“ಏಳ್ಲಾ, ಅತ್ತೆ?”

ಮಂಡಿಗೆ ಮೆತ್ತಿದ್ದ ಮಣ್ಣು ಕೊಡವುತ್ತಿದ್ದ ಕಿರಿಯ ಮಗನ ಕಡೆ ಅತ್ತೆ ತಿರುಗಿದರು. “ಪೆಟ್ರೋಲ್ ಇದೆಯೇನೋ?”

“ಇದೆ, ಅಮ್ಮ.”

“ಮತ್ತೆ ಏಳೋದ್ಯಾಕೆ?”

ಈ ಸಲ ನೂಕಲು ಯಾರೂ ಹಿಂದೆ ಹೋಗಲಿಲ್ಲ.